ನೋವು ಹೋಯ್ತು ಅಂತ ಅಂಕಣಕ್ಕೆ ಇಳಿಯಬೇಡಿ: ಕಬಡ್ಡಿ ಆಟಗಾರರ ಮೊಣಕಾಲಿಗೆ 9 ತಿಂಗಳ ಲೆಕ್ಕ

ಪುತ್ತೂರು, ಬೆಳ್ತಂಗಡಿ ಕಡೆ ಹೊನಲು ಬೆಳಕಿನ ಕಬಡ್ಡಿ ಶುರುವಾದರೆ ಸಾಕು, ಯಾವುದಾದರೊಂದು ತಂಡದ ರೈಡರ್ ಮೊಣಕಾಲು ಹಿಡಿದುಕೊಂಡು ಕೂರುವುದು ಮಾಮೂಲು. ಬೋನಸ್ ಗೆರೆ ದಾಟಿ ಗಕ್ಕನೆ ತಿರುಗುವಾಗ ಪಾದ ಮ್ಯಾಟ್ ಮೇಲೆ ಕಚ್ಚಿಕೊಳ್ಳುತ್ತದೆ, ಮೈ ಮಾತ್ರ ತಿರುಗುತ್ತದೆ. ಒಳಗೆ 'ಟಪ್' ಅಂದ ಹಾಗಾಗಿ, ಒಂದೆರಡು ಗಂಟೆಯಲ್ಲೇ ಗಂಟು ಊದಿಕೊಂಡರೆ ಎಸಿಎಲ್ ಹರಿದಿರುವ ಅನುಮಾನ ಬಲವಾಗುತ್ತದೆ.

ಎಸಿಎಲ್ ಅಂದರೆ ಮೊಣಕಾಲಿನೊಳಗೆ ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಬಿಗಿಯಾಗಿ ಹಿಡಿದಿಡುವ ಒಂದು ನಾರು. ಹರಿದ ಮೇಲೂ ಮೂರ್ನಾಲ್ಕು ವಾರದಲ್ಲಿ ಊತ ಇಳಿಯುತ್ತದೆ, ನೇರ ನಡೆಯೋಕೆ ತೊಂದರೆ ಇರಲ್ಲ. 'ಎಣ್ಣೆ ತಿಕ್ಕಿಸಿದೆ, ಸರಿ ಹೋಯ್ತು' ಅಂತ ಹುಡುಗ ಮುಂದಿನ ಪಂದ್ಯಾಟಕ್ಕೆ ಇಳಿಯುತ್ತಾನೆ. ತಿರುಗುವಾಗ ಗಂಟು ಮತ್ತೆ ಜಾರುತ್ತದೆ. ಈ ಸಲ ಒಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ ಕೂಡ ಹರಿಯಬಹುದು.

ಎಲ್ಲರಿಗೂ ಆಪರೇಷನ್ ಬೇಕೇ ಬೇಕು ಅಂತಿಲ್ಲ. ಆದರೆ ಕಬಡ್ಡಿಯಂಥ ಆಟಕ್ಕೆ ಮರಳುವವರಿಗೆ ವೈದ್ಯರು ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ. ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ನಾರು ತೆಗೆದು ಒಳಗೆ ಕೂರಿಸುತ್ತಾರೆ. ಮೋಸ ಇರುವುದು ಇಲ್ಲೇ: ನೋವು ಕಡಿಮೆಯಾಗುವ ಮೊದಲ ಕೆಲ ತಿಂಗಳಲ್ಲೇ ಆ ಹೊಸ ನಾರು ತುಂಬಾ ದುರ್ಬಲವಾಗಿರುತ್ತದೆ. ದೇಹ ಅದನ್ನು ತನ್ನದಾಗಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು.

ಲಕ್ಷಾಂತರ ಖರ್ಚು ಮಾಡಿ ಆಪರೇಷನ್ ಮಾಡಿಸಿಕೊಂಡವರೂ ಫಿಸಿಯೋಥೆರಪಿಗೆ ನಾಲ್ಕು ದಿನ ಹೋಗಿ ಬಿಡುವುದುಂಟು. ನಿಜವಾದ ಕೆಲಸ ಇರೋದೇ ಅಲ್ಲಿ. ಮೊದಲು ಕಾಲು ಪೂರ್ತಿ ನೇರ ಆಗಬೇಕು, ಊತ ಇಳಿಯಬೇಕು. ಆಮೇಲೆ ಸೊರಗಿದ ತೊಡೆಯ ಸ್ನಾಯುವಿಗೆ ಸೈಕಲ್, ಮೆಟ್ಟಿಲು, ಬಸ್ಕಿ. ನೇರ ಓಟ ಸುಮಾರು ಮೂರ್ನಾಲ್ಕು ತಿಂಗಳಿಗೆ, ಅದೂ ಫಿಸಿಯೋ ಒಪ್ಪಿದರೆ. ಹಾರುವುದು, ತಿರುಗುವುದು ನಂತರ. ಎದುರಾಳಿಯ ಹಿಡಿತಕ್ಕೆ ಸಿಗೋದು ಕಟ್ಟಕಡೆಗೆ.

ಕ್ಯಾಲೆಂಡರ್ ನೋಡಿದರಷ್ಟೇ ಸಾಲದು. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇದೆಯಾ, ಒಂಟಿ ಕಾಲಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಸಮ ದೂರ ನೆಗೆಯಲು ಆಗುತ್ತಾ ಎಂದು ಪರೀಕ್ಷಿಸುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು.

ತಂಡದ ಮ್ಯಾನೇಜರ್‌ಗಳಿಗೂ ಒಂದು ಮಾತು. ಆಟಗಾರ ಬಿದ್ದ ಕೂಡಲೇ ಕಾಲು ಎಳೆದು ನೀವುವುದು, ಸ್ಪ್ರೇ ಹೊಡೆದು 'ಇನ್ನೊಂದು ರೈಡ್ ಹೋಗು' ಅನ್ನುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲಿನ ಮೇಲೆ ಭಾರ ಬೀಳದಂತೆ ಎತ್ತಿಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿ.