ಚದುರುವುದು ಬೇರೆ, ಕರಗುವುದು ಬೇರೆ

ಮಕ್ಕಳಿಗೆಂದು ತಯಾರಾದ ಪುಟ್ಟ ಮಾತ್ರೆಯೊಂದನ್ನು ಚಮಚದ ನೀರಿಗೆ ಹಾಕಿದರೆ ಅದು ಉಬ್ಬಿ, ಬಿರಿದು, ನೋಡನೋಡುತ್ತಲೇ ನೀರನ್ನು ಬೆಳ್ಳಗಾಗಿಸುತ್ತದೆ. ಕಂಡವರು ಮಾತ್ರೆ ಕರಗಿತೆಂದೇ ನಂಬುತ್ತಾರೆ. ಇಂಥ ಮಾತ್ರೆ 3 ನಿಮಿಷದೊಳಗೆ ಒಡೆಯಬೇಕೆಂದು ಯುರೋಪಿನ ಔಷಧ ಸಂಹಿತೆ ವಿಧಿಸುತ್ತದೆ, ಆದರೆ ಒಡೆಯುವುದು ಕರಗುವುದಲ್ಲ. ನೀರಿಗೆ ಕದಡಿದ ರಾಗಿ ಹಿಟ್ಟು ತುಸು ಹೊತ್ತಿಗೆ ತಳ ಸೇರುವ ಹಾಗೆ, ನೀರಿಗೆ ಒಗ್ಗದ ಔಷಧವೂ ಕಣಕಣವಾಗಿ ತೇಲುತ್ತಿರುತ್ತದೆಯೇ ಹೊರತು ನೀರಿನೊಡನೆ ಒಂದಾಗಿರುವುದಿಲ್ಲ. ಕರುಳಿನ ಗೋಡೆಯನ್ನು ದಾಟಿ ರಕ್ತ ಸೇರಬೇಕಾದರೆ ಔಷಧವು ಕಣಗಳ ಗುಂಪನ್ನು ಬಿಟ್ಟು ಬಿಡಿ ಅಣುಗಳಾಗಲೇಬೇಕು. ಆಗದ ಪಾಲು ಮಲದೊಡನೆ ಹೊರಬೀಳುತ್ತದೆ.

ಒಡೆಯುವ ಕೆಲಸ ಇಂದು ಅಷ್ಟೇನೂ ಕಠಿಣವಲ್ಲ. ಕ್ರಾಸ್ಪೊವಿಡೋನ್‌ನಂಥ, ನೀರನ್ನು ಒಳಗೆಳೆದುಕೊಂಡು ಮಾತ್ರೆಯನ್ನು ಸೀಳುವ ಪುಡಿಗಳು ಅದನ್ನು ಮಾಡಿಕೊಡುತ್ತವೆ. ಕರಗಿಸುವುದೇ ನಿಜವಾದ ಪರೀಕ್ಷೆ. ಕರಗುವ ವೇಗವು ನೀರಿಗೆ ತೆರೆದುಕೊಂಡ ಮೇಲ್ಮೈಯನ್ನು ಅವಲಂಬಿಸುತ್ತದೆಂಬ ಸಂಬಂಧದ ಬೇರು ನೋಯ್ಸ್ ಮತ್ತು ವಿಟ್ನಿ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು 1897ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. 1 ಮಿ.ಮೀ. ಬದಿಯ ಘನವನ್ನು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಬದಿಯ ಘನಗಳಾಗಿ ಕತ್ತರಿಸಿದರೆ ನೂರು ಕೋಟಿ ಚೂರುಗಳಾಗಿ ಒಟ್ಟು ಮೇಲ್ಮೈ ಸಾವಿರ ಪಟ್ಟಾಗುತ್ತದೆ. ಇಷ್ಟಾದರೂ ಹೆಚ್ಚುವುದು ಮುಖ್ಯವಾಗಿ ವೇಗವೇ. ನೀರು ಎಷ್ಟು ಔಷಧವನ್ನು ಹಿಡಿದಿಟ್ಟುಕೊಳ್ಳಬಲ್ಲದೆಂಬ ಮಿತಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಆ ಮಿತಿಯ ಹಿಂದಿರುವುದು ಸ್ಫಟಿಕದ ಕಟ್ಟು, ಎಂದರೆ ಅಣುಗಳು ಸಾಲುಗಟ್ಟಿ ಒಂದನ್ನೊಂದು ಹಿಡಿದುಕೊಂಡಿರುವ ಬಿಗಿ. ಈ ಕಟ್ಟು ಎಷ್ಟು ಹಟಮಾರಿ ಎಂಬುದನ್ನು ಎಚ್‌ಐವಿ ಸೋಂಕಿಗೆ ಕೊಡುವ ರಿಟೊನಾವಿರ್ ಎಂಬ ಔಷಧ ಜಗತ್ತಿಗೇ ತೋರಿಸಿಕೊಟ್ಟಿತು. 1996ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧಕ್ಕೆ ಒಂದೇ ಸ್ಫಟಿಕ ರೂಪವಿದೆಯೆಂದು ತಿಳಿಯಲಾಗಿತ್ತು. 1998ರಲ್ಲಿ, ಇನ್ನೂ ಬಿಗಿಯಾದ, ಇನ್ನೂ ಕಡಿಮೆ ಕರಗುವ ಎರಡನೆಯ ರೂಪವೊಂದು ತಯಾರಿಕೆಯ ನಡುವೆ ತಾನಾಗಿಯೇ ಹುಟ್ಟಿಕೊಂಡು, ಒಮ್ಮೆ ಕಾಣಿಸಿಕೊಂಡ ಮೇಲೆ ಎಲ್ಲೆಡೆ ಹರಡಿ, ಕ್ಯಾಪ್ಸೂಲುಗಳನ್ನೇ ಹಿಂತೆಗೆದುಕೊಳ್ಳುವಂತೆ ಮಾಡಿತು. ಅದೇ ಅಣು, ಅದೇ ಪ್ರಮಾಣ, ಬದಲಾದದ್ದು ಜೋಡಣೆ ಮಾತ್ರ!

ಲೋಪಿನಾವಿರ್ ಎಂಬ ಇನ್ನೊಂದು ಔಷಧದ ಜೊತೆಗೂಡಿಸಿದ ಇದೇ ಔಷಧವನ್ನು ಮಕ್ಕಳಿಗೆ ದ್ರವವಾಗಿ ಕೊಡಲು ಅದರಲ್ಲಿ ಶೇ. 42ಕ್ಕೂ ಹೆಚ್ಚು ಆಲ್ಕೋಹಾಲ್ ಇರಿಸಬೇಕಾಯಿತು, ಏಕೆಂದರೆ ಬರೀ ನೀರಿನಲ್ಲಿ ಅದು ನಿಲ್ಲುತ್ತಿರಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಇದು ಅಪಾಯಕಾರಿಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿತು. ಮಗುವಿಗೆ ಸಿರಪ್ಪೇ ಸಾಧು ಎಂಬ ನಂಬಿಕೆಯ ಬೆಲೆ ಇದು. ಇತ್ತ ಇದೇ ಜೋಡಿಯ, 2005ರಲ್ಲಿ ಬಂದ ಮಾತ್ರೆಯಲ್ಲಿ ಔಷಧವನ್ನು ಪಾಲಿಮರ್‌ನೊಡನೆ ಕರಗಿಸಿ ತಣಿಸಿ, ಸಾಲುಗಟ್ಟಲು ಬಿಡದೆ, ಅಸ್ಫಟಿಕ ಸ್ಥಿತಿಯಲ್ಲಿ ಹಿಡಿದಿಡಲಾಗಿತ್ತು. ದೊಡ್ಡವರ ಮಾತ್ರೆಯನ್ನು ಕುಟ್ಟಿ ಜೇನಿನಲ್ಲಿ ಕಲಸಿ ತಿನ್ನಿಸಿದರೆ ಮಕ್ಕಳ ಮಾತ್ರೆಯಾಗುತ್ತದೆಂದು ನಂಬಿದವರು ಗಮನಿಸಬೇಕಾದುದು ಇದನ್ನೇ: ಈ ಮಾತ್ರೆಯನ್ನು ಪುಡಿಮಾಡಿ ಕೊಟ್ಟಾಗ ಮಕ್ಕಳ ರಕ್ತಕ್ಕೆ ಸೇರಿದ ಔಷಧ ಇಡೀ ಮಾತ್ರೆಗಿಂತ ಶೇ. 45ರಷ್ಟು ಕಡಿಮೆಯಿತ್ತು. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡುವುದಂತೂ ಬೊಟುಲಿಸಂ ಎಂಬ ವಿಷಬಾಧೆಯನ್ನು ಆಹ್ವಾನಿಸಿದಂತೆ.

ಮಲೇರಿಯಾದ ಲ್ಯೂಮೆಫ್ಯಾಂಟ್ರಿನ್ ಇನ್ನೊಂದು ಜಾತಿಯದು. ಅದಕ್ಕೆ ನೀರಿಗಿಂತ ಕೊಬ್ಬು ಆಪ್ತ. ಆರೋಗ್ಯವಂತರಲ್ಲಿ ಕೊಬ್ಬಿನ ಊಟದೊಡನೆ ಇದರ ಹೀರಿಕೆ ಬರಿಹೊಟ್ಟೆಯಲ್ಲಿ ಆಗುವುದಕ್ಕಿಂತ 16 ಪಟ್ಟು ಹೆಚ್ಚಿತು. ಜ್ವರದಲ್ಲಿ ನರಳುವ ಮಗು ಊಟ ಮಾಡೀತೇ ಎಂಬ ಆತಂಕಕ್ಕೆ ಸಮಾಧಾನವೂ ಇದೆ: ಕೇವಲ 36 ಮಿ.ಲೀ. ಸೋಯಾ ಹಾಲಿನಲ್ಲಿರುವ 1.2 ಗ್ರಾಂ ಕೊಬ್ಬು ಗರಿಷ್ಠ ಹೀರಿಕೆಯ ಶೇ. 90ರಷ್ಟನ್ನು ತಂದುಕೊಡುತ್ತದೆಂದು ಒಂದು ಅಧ್ಯಯನ ಲೆಕ್ಕಹಾಕಿತು. ಚೆರ್ರಿ ಹಣ್ಣಿನ ರುಚಿ ಬೆರೆಸಿ, ನೀರಿನಲ್ಲಿ ಒಡೆಯುವಂತೆ ರೂಪಿಸಿದ ಇದರ ಮಕ್ಕಳ ಮಾತ್ರೆ 2009ರಲ್ಲಿ ಬಂದರೂ, ಹಾಲಿನ ಅಗತ್ಯವನ್ನು ಅದು ತಪ್ಪಿಸಲಿಲ್ಲ.

ಇನ್ನು ಮಗು ನುಂಗಬಲ್ಲ ಗಾತ್ರದ ವಿಚಾರದಲ್ಲಿ ಅತ್ಯಂತ ಹರ್ಷದ ಸುದ್ದಿ ಜರ್ಮನಿಯ ಡ್ಯೂಸೆಲ್ಡಾರ್ಫಿನದು. ಅಲ್ಲಿನ ಸಂಶೋಧಕರು 2 ಮಿ.ಮೀ. ವ್ಯಾಸದ ಕಿರುಮಾತ್ರೆಗಳನ್ನು 151 ನವಜಾತ ಶಿಶುಗಳಿಗೆ ಕೊಟ್ಟು ನೋಡಿದಾಗ ಅವರೂ ಸಲೀಸಾಗಿ ಸ್ವೀಕರಿಸಿದರು. ಆದರೆ ಹತ್ತು ಮಿಲಿಗ್ರಾಮಿಗೂ ಕಡಿಮೆ ತೂಗುವ ಇಂಥ ಮಾತ್ರೆಯಲ್ಲಿ ಔಷಧಕ್ಕೂ, ಅದನ್ನು ಅಸ್ಫಟಿಕವಾಗಿ ಕಾಯುವ ಪಾಲಿಮರ್‌ಗೂ, ಒಡೆಯಿಸುವ ಪುಡಿಗೂ ಜಾಗ ಸಾಲದು. ಹಾಗಾಗಿ ಹೆಚ್ಚು ಪ್ರಮಾಣ ಬೇಡುವ ಔಷಧಗಳನ್ನು ಹಲವು ಕಾಳುಗಳಾಗಿ ಹಂಚಬೇಕಾಗುತ್ತದೆ. ಭಾರತದ ಸಿಪ್ಲಾ ತಯಾರಿಸಿ 2015ರಲ್ಲಿ ಅಮೆರಿಕದ ತಾತ್ಕಾಲಿಕ ಅನುಮೋದನೆ ಪಡೆದ ಲೋಪಿನಾವಿರ್ ಕಾಳುಗಳನ್ನು ಮೆದು ಆಹಾರದ ಮೇಲೆ ಉದುರಿಸಿ ಕೊಡಬಹುದು, ಅರೆಯಬಾರದು, ಮತ್ತು ಅವು ಬಾಯಲ್ಲಿ ತುಸು ತಡೆದರೂ ಕಹಿ ಹೊರಬರುತ್ತದೆ.