ಕಟಕಟ ಎನ್ನುವ ಬ್ಯಾಟರಿಗೆ ಇನ್ನೂ ಜೀವವಿದೆಯೇ?

ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಬೈಕಿನ ಸೆಲ್ಫ್ ಬಟನ್ ಒತ್ತಿದರೆ ಸಾಮಾನ್ಯವಾಗಿ ಕೇಳುವುದು ಕಟಕಟಕಟ ಸದ್ದು. ಅದು ರಿಲೇಯ ಸದ್ದು. ರಿಲೇಯನ್ನು ಸೆಳೆಯಲು ತೀರಾ ಕಡಿಮೆ ಕರೆಂಟು ಸಾಕು, ಸೋತ ಬ್ಯಾಟರಿಯೂ ಅಷ್ಟನ್ನು ಕೊಡುತ್ತದೆ. ಆದರೆ ರಿಲೇ ಕೂಡಿದೊಡನೆ ಸ್ಟಾರ್ಟರ್ ಮೋಟರ್ ಹತ್ತಾರು ಆಂಪಿಯರ್ ಬೇಡುತ್ತದೆ. ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ, ಹೊರೆ ಇಳಿದ ಮೇಲೆ ವೋಲ್ಟೇಜ್ ಚೇತರಿಸಿ ಮತ್ತೆ ಕೂಡುತ್ತದೆ. ಕಟಕಟ ಕೇಳಿದರೆ ಸಮಾಧಾನಪಡಿ, ಒಳಗೆ ಇನ್ನೂ ಏನೋ ಉಳಿದಿದೆ. ಸದ್ದೇ ಇಲ್ಲ, ದೀಪವೂ ಇಲ್ಲ ಎಂದರೆ ಸಂಗತಿ ಬೇರೆ.

2020ರ ಲಾಕ್‌ಡೌನ್ ತೆರವಾದಾಗ ಊರೂರಲ್ಲೂ ಈ ಸದ್ದೇ. ಹಿಂದಾದರೆ ಕಿಕ್ ಹೊಡೆದು ಹೊರಡುತ್ತಿದ್ದೆವು. ಈಗ ಎಷ್ಟೋ ಬೈಕುಗಳಲ್ಲಿ ಕಿಕ್ಕರೇ ಇಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವುದಂತೂ ಪೆಟ್ರೋಲ್ ಪಂಪಿಗೂ ಬ್ಯಾಟರಿಯನ್ನೇ ನಂಬಿಕೊಂಡಿರುತ್ತದೆ. ಬ್ಯಾಟರಿ ಪೂರ್ತಿ ಕೈಕೊಟ್ಟರೆ ತಳ್ಳಿ ಸ್ಟಾರ್ಟ್ ಮಾಡುವ ಆಟವೂ ನಡೆಯದು.

ಬೈಕ್ ಸುಮ್ಮನೆ ನಿಂತಿದ್ದರೂ ಬ್ಯಾಟರಿ ಸುಮ್ಮನಿರುವುದಿಲ್ಲ. ಗಡಿಯಾರ, ಅಲಾರಂ, ಇಂಜಿನ್ನಿನ ಎಲೆಕ್ಟ್ರಾನಿಕ್ಸ್ ಒಟ್ಟಾಗಿ 2 ಮಿಲಿಆಂಪಿಯರ್ ಎಳೆಯುತ್ತಿವೆ ಎಂದುಕೊಳ್ಳಿ. ದಿನಕ್ಕೆ 48 ಮಿಲಿಆಂಪಿಯರ್-ಗಂಟೆ ಖರ್ಚು. ಆ ಲೆಕ್ಕದಲ್ಲಿ 5 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಮೂರೂವರೆ ತಿಂಗಳಲ್ಲಿ ಬರಿದು. ತಂತಿ ಕಳಚಿಟ್ಟರೂ ತನ್ನಷ್ಟಕ್ಕೆ ಸೋರುವುದು ನಿಲ್ಲದು.

ಬರಿದಾಗುವುದು ದೊಡ್ಡ ಅಪಾಯವಲ್ಲ, ಬರಿದಾಗಿ ಹಾಗೇ ಉಳಿಯುವುದು ಅಪಾಯ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ರಸಾಯನಶಾಸ್ತ್ರ ಇಂದಿಗೂ ಬದಲಾಗಿಲ್ಲ. ಒಂದು ಪ್ಲೇಟಿನಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್, ನಡುವೆ ಸಲ್ಫ್ಯೂರಿಕ್ ಆಸಿಡ್ ಬೆರೆತ ನೀರು. ಬ್ಯಾಟರಿ ಕರೆಂಟು ಕೊಡುತ್ತಾ ಹೋದಂತೆ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಎಲ್ಲ ಹಿಮ್ಮುಖ. ಹೊಸ ಸಲ್ಫೇಟಿನ ಹರಳುಗಳು ನುಣ್ಣಗಿರುವುದರಿಂದ ಬೇಗ ಕರಗುತ್ತವೆ. ವಾರಗಳು ಕಳೆದಂತೆ ಸಣ್ಣ ಹರಳುಗಳು ಕರಗಿ ದೊಡ್ಡವುಗಳ ಮೇಲೆ ಕೂರುತ್ತವೆ. ತೆಳುವಾದ ಆಸಿಡ್ಡಿನಲ್ಲಿ ಸಲ್ಫೇಟ್ ಇನ್ನಷ್ಟು ಕರಗುವುದರಿಂದ ಈ ಬೆಳವಣಿಗೆಗೆ ವೇಗವೂ ಹೆಚ್ಚು. ಪುಡಿ ಸಕ್ಕರೆಗೂ ಕಲ್ಲುಸಕ್ಕರೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ: ವಸ್ತು ಒಂದೇ, ಆದರೆ ದಪ್ಪ ಹರಳು ಸುಲಭಕ್ಕೆ ಕರಗದು. ಸಾಲದ್ದಕ್ಕೆ ಅದರಲ್ಲಿ ವಿದ್ಯುತ್ತು ಹರಿಯುವುದೂ ಇಲ್ಲ.

ಆದ್ದರಿಂದ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಆರು ಸೆಲ್ಲುಗಳ ಬ್ಯಾಟರಿ ಪೂರ್ತಿ ತುಂಬಿದಾಗ 12.7 ವೋಲ್ಟ್ ಆಸುಪಾಸು ತೋರಿಸುತ್ತದೆ, 12.2 ಎಂದರೆ ಅರ್ಧ, 11.8ಕ್ಕಿಂತ ಕೆಳಗೆ ಎಂದರೆ ಖಾಲಿ. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿರುವ ಸಂಭವ ಹೆಚ್ಚು. ಅದಕ್ಕೆ ಮದ್ದಿಲ್ಲ. ಹೊಟ್ಟೆ ಉಬ್ಬಿದ, ಬಿರುಕು ಬಿಟ್ಟ ಬ್ಯಾಟರಿಗೂ ಚಾರ್ಜರ್ ತಾಗಿಸಬೇಡಿ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತಂತಿ ಕಳಚಿ. ಪ್ಲಸ್ ಬಿಚ್ಚುವ ಸ್ಪ್ಯಾನರ್ ಆಗ ಚಾಸಿಗೆ ತಾಗಿದರೂ ಕಿಡಿ ಹಾರದು. ಹಳೆಯ ಮಾದರಿಯಲ್ಲಿ ನೀರು ಪ್ಲೇಟಿಗಿಂತ ಕೆಳಗಿದ್ದರೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಆಸಿಡ್ ಬೇಡ. ಆವಿಯಾಗಿ ಹೋಗಿರುವುದು ನೀರು ಮಾತ್ರ. ನಲ್ಲಿ ನೀರಿನ ಲವಣಗಳು ಪ್ಲೇಟಿಗೆ ವಿಷ.

ಚಾರ್ಜಿಂಗಿಗೆ ಅವಸರ ಸಲ್ಲದು. 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ ಅರ್ಧ ಆಂಪಿಯರ್ ಸಾಕು. ಸಲ್ಫೇಟ್ ಗಟ್ಟಿಯಾದ ಬ್ಯಾಟರಿ ಇಲ್ಲಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಚಾರ್ಜರ್ ಜೋಡಿಸಿದ ಕೂಡಲೇ ವೋಲ್ಟೇಜ್ ದಿಢೀರನೆ ಮೇಲೇರುತ್ತದೆ, ಕರೆಂಟು ಮಾತ್ರ ಒಳಗೆ ಹೋಗುವುದೇ ಇಲ್ಲ. ತಾಳ್ಮೆಯಿಂದ ಬಿಟ್ಟರೆ ಕೆಲವು ಗಂಟೆಗಳಲ್ಲಿ ವೋಲ್ಟೇಜ್ ತುಸು ಇಳಿದು ಕರೆಂಟು ನಿಧಾನವಾಗಿ ಏರತೊಡಗುತ್ತದೆ. ಹರಳು ಕರಗುತ್ತಿದೆ ಎಂಬುದಕ್ಕೆ ಅದೇ ಸುಳಿವು. ಇಡೀ ದಿನ ಕಳೆದರೂ ಸೂಚಿ ಅಲುಗದಿದ್ದರೆ ಆಸೆ ಬಿಡಬಹುದು. ಕೆಲವು ಸ್ಮಾರ್ಟ್ ಚಾರ್ಜರ್‌ಗಳು ವೋಲ್ಟೇಜ್ ತೀರಾ ಕಡಿಮೆ ಇದ್ದರೆ ಬ್ಯಾಟರಿಯೇ ಇಲ್ಲವೆಂದು ತಿಳಿದು ಕೆಲಸ ಶುರುಮಾಡುವುದೇ ಇಲ್ಲ. ಆಗ ಬ್ಯಾಟರಿ ಅಂಗಡಿಯವರ ಹಳೆಯ ಚಾರ್ಜರೇ ಗತಿ. ಚಾರ್ಜಿನ ಕೊನೆಯಲ್ಲಿ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಸೇರಿದರೂ ಕಿಡಿ ಸಾಕು. ಕಿಟಕಿ ತೆರೆದಿಡಿ, ಬೀಡಿ-ಸಿಗರೇಟು ದೂರವಿರಲಿ.

ಚಾರ್ಜರ್ ತೆಗೆದ ತಕ್ಷಣ ತೋರುವ ವೋಲ್ಟೇಜನ್ನು ನಂಬಬೇಡಿ. ಒಂದು ರಾತ್ರಿ ಬಿಟ್ಟು ಅಳೆಯಿರಿ. ಆಮೇಲೆ ಬೈಕಿಗೆ ಕೂರಿಸಿ, ಸೆಲ್ಫ್ ಒತ್ತುವಾಗ ಮೀಟರ್ ನೋಡಿ. 9.6 ವೋಲ್ಟಿಗಿಂತ ಕೆಳಗೆ ಜಾರಿದರೆ ಬ್ಯಾಟರಿ ಎದ್ದು ಕೂತಿದೆಯಷ್ಟೇ, ನಡೆಯುವ ಶಕ್ತಿ ಬಂದಿಲ್ಲ.

ಎಪ್ಸಮ್ ಲವಣ ಹಾಕಿದರೆ ಬ್ಯಾಟರಿ ಹೊಸದಾಗುತ್ತದೆ ಎನ್ನುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಅದೂ ಒಂದು ಸಲ್ಫೇಟೇ. ಗಟ್ಟಿಯಾದ ಹರಳನ್ನು ಅದು ಕರಗಿಸುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ನನಗಂತೂ ಆಧಾರ ಕಾಣುವುದಿಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಓಡಿಸಿಡುವ ರೂಢಿಯೂ ಅಷ್ಟೇನೂ ಪ್ರಯೋಜನದ್ದಲ್ಲ. ಐಡ್ಲಿಂಗಿನಲ್ಲಿ ಹುಟ್ಟುವ ಕರೆಂಟಿನ ಬಹುಪಾಲು ಹೆಡ್‌ಲೈಟಿಗೂ ಇಗ್ನಿಷನ್ನಿಗೂ ಹೋಗುತ್ತದೆ, ಬ್ಯಾಟರಿಗೆ ಸೇರುವುದು ಚೂರುಪಾರು. ಅದಕ್ಕಿಂತ ಪೂರ್ತಿ ಚಾರ್ಜ್ ಮಾಡಿ ಮೈನಸ್ ಕಳಚಿಡುವುದು ಮೇಲು. ತಾಪ ಹತ್ತು ಡಿಗ್ರಿ ಏರಿದರೆ ತನ್ನಷ್ಟಕ್ಕೆ ಸೋರುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಮಡಿಕೇರಿಯ ಚಳಿಯಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೂ ನಡೆದೀತು, ಕಲಬುರಗಿಯ ಮೇ ಬಿಸಿಲಿಗೆ ತಿಂಗಳಿಗೊಮ್ಮೆಯಾದರೂ ಬೇಕು.