ಎರಡು ಸಲ ಕಪ್ ಗೆದ್ದ ನಮ್ಮ ತಂಡ ಕಾಣೆಯಾಗಿದೆ!

ಸಾಲೋಟಗಿ: ಇಂಡಿ ಬಸ್ಸು ಬರಲು ಇನ್ನೂ ಹೊತ್ತಿತ್ತು. ಚಹಾದಂಗಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ಆರ್‌ಸಿಬಿಯ ಕೆಂಪಂಗಿ ತೊಟ್ಟು, ಬೆನ್ನ ಮೇಲೆ 18 ಎಂದು ಬರೆಸಿಕೊಂಡ ಹುಡುಗನೊಬ್ಬ ಬಂದು ಬಿಸ್ಕೀಟು ಕೇಳಿದ. ಅಂಗಡಿಯ ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿಯೇಬಿಟ್ಟರು:

"ಸಾಹೇಬರ, ನೀವು ಪೇಪರದವರು. ನಮ್ಮ ಬಿಜಾಪುರದ್ದೂ ಒಂದು ಟೀಮ್ ಇತ್ತಲ್ರೀ, ಅದು ಎಲ್ಲಿ ಹೋತು?"

ಉತ್ತರ ಬಾಯಿಗೆ ಬರಲಿಲ್ಲ. ಪೇಪರದವನಿಗೆ ಇದಕ್ಕಿಂತ ನಾಚಿಕೆ ಇನ್ನೊಂದಿಲ್ಲ. ಚಹಾ ಕುಡಿದು ಎದ್ದವನು ಅಂದು ರಾತ್ರಿ ಹಳೆಯ ಸುದ್ದಿಗಳನ್ನೆಲ್ಲ ಕೆದಕಿದ್ದಾಯಿತು. ಸಿಕ್ಕಿದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ತಂಡದ ಹೆಸರು ಬಿಜಾಪುರ ಬುಲ್ಸ್. 2009ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಕರ್ನಾಟಕ ಪ್ರೀಮಿಯರ್ ಲೀಗ್ ಶುರು ಮಾಡಿದಾಗ ಕಣಕ್ಕಿಳಿದ ಎಂಟು ತಂಡಗಳಲ್ಲಿ ಇದೂ ಒಂದು. ಎರಡು ವರ್ಷ ಆಡಿಸಿ ಲೀಗನ್ನೇ ನಿಲ್ಲಿಸಿದರು. 2014ರಲ್ಲಿ ಮತ್ತೆ ಎಬ್ಬಿಸಿದರು. ಮರುವರ್ಷ, ಅಂದರೆ 2015ರಲ್ಲಿ, ನಮ್ಮ ಬುಲ್ಸ್ ಕಪ್ ಎತ್ತಿತು! ಒಂದು ತಮಾಷೆ ನೋಡಿ: ಅಷ್ಟೊತ್ತಿಗೆ ಊರಿನ ಹೆಸರು ಬದಲಾಗಿತ್ತು. 2014ರ ನವೆಂಬರ್ 1ರಿಂದಲೇ ಬಿಜಾಪುರ ವಿಜಯಪುರವಾಗಿತ್ತು. ತಂಡ ಮಾತ್ರ ಹಳೆಯ ಹೆಸರಿನಲ್ಲೇ ಗೆದ್ದಿತು. ವಿಜಯ ಊರಿನ ಹೆಸರಿನಲ್ಲಿತ್ತು, ಕಪ್ಪು ಬಿಜಾಪುರದ ಕೈಯಲ್ಲಿತ್ತು.

2017ರಲ್ಲಿ ಮತ್ತೆ ಫೈನಲ್. ಎದುರಿಗೆ ಬೆಳಗಾವಿ ಪ್ಯಾಂಥರ್ಸ್. ಸೋತೆವು. ಬೆಳಗಾವಿಯವರ ಕೈಯಲ್ಲಿ ಸೋಲುವುದೆಂದರೆ ನಮ್ಮ ಕಡೆ ಬೀಗರ ಮನೆಯಲ್ಲಿ ಮರ್ಯಾದೆ ಹೋದಂತೆ. ಅದನ್ನು 2018ರ ಸೆಪ್ಟೆಂಬರ್‌ನಲ್ಲಿ ತೀರಿಸಿಕೊಂಡದ್ದಾಯಿತು. ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಭರತ್ ಚಿಪ್ಳಿ ನಾಯಕತ್ವದ ಬುಲ್ಸ್ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಕೆಡವಿತು. ರಾಜಧಾನಿಯ ತಂಡವನ್ನು ಜೋಳದ ನಾಡಿನ ತಂಡ ಸೋಲಿಸಿದ್ದು! ಅದಾಗಿ ನಾಲ್ಕು ತಿಂಗಳಿಗೆ, 2019ರ ಜನವರಿ 5ರಂದು, ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಕೂಡ ಗುಜರಾತ್ ತಂಡವನ್ನು ಸೋಲಿಸಿ ಗೆದ್ದಾಗ, "ಬುಲ್ಸ್ ಅಂದವರಿಗೆಲ್ಲಾ ದೆಸೆ ತಿರುಗೇದ" ಎಂದು ಮಾತಾಡಿಕೊಂಡವರಿದ್ದರು.

ಆದರೆ ಈ ಸಂತೋಷದೊಳಗೆ ಒಂದು ಹರಳು ಇತ್ತು. ನಮ್ಮ ಹೆಸರು ಹೊತ್ತ ತಂಡ ನಮ್ಮೂರಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಬೆಂಗಳೂರು, ಮೈಸೂರು, ಬಹಳವೆಂದರೆ ಹುಬ್ಬಳ್ಳಿ. ಮಾಲೀಕರು ಹರಾಜಿನಲ್ಲಿ ಆಟಗಾರರನ್ನು ಕೊಂಡರು, ಅವರು ಆಡಿದರು, ಗೆದ್ದರು. ಗೋಳಗುಮ್ಮಟದ ಊರಿನವರು ಟಿವಿಯಲ್ಲಿ ನೋಡಿದರು. ಕರೆಂಟ್ ಇದ್ದಾಗ.

ಆಟಗಾರರು ಹೊರಗಿನವರು ಎಂಬ ತಕರಾರು ಕೆಲವರದು. ಚಿಪ್ಳಿ ಸಾಗರದ ಕಡೆಯವರು, ನಮಗೇನು ಸಂಬಂಧ ಎನ್ನುತ್ತಾರೆ. ಈ ವರದಿಗಾರನಿಗೆ ಅದು ಒಪ್ಪಿಗೆ ಇಲ್ಲ. ಇದೇ ಸಾಲೋಟಗಿಯ ಕಂಬದ ಶಾಸನ ಏನು ಹೇಳುತ್ತದೆ? ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ದೊಡ್ಡ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನಿಂದ ಹುಡುಗರು ಓದಲು ಬಂದರು. ಅವರಿರಲು 27 ಮನೆಗಳಿದ್ದವು, ದೀಪದೆಣ್ಣೆಗೂ ಭೂಮಿ ಬಿಟ್ಟಿದ್ದರು. ಹೊರಗಿನಿಂದ ಬಂದವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವುದು ಈ ಊರಿಗೆ ಹೊಸದಲ್ಲ. ಆದರೆ ಆ ಹುಡುಗರು ಇಲ್ಲಿ ಬಂದು ಇದ್ದರು, ಇಲ್ಲಿಯ ನೀರು ಕುಡಿದರು. ಬುಲ್ಸ್ ನಮ್ಮಲ್ಲಿಗೆ ಬಂದು ಒಂದು ದಿನವಾದರೂ ಆಡಿ ಹೋಗಿದ್ದರೆ ಸಾಕಿತ್ತು.

ಆಮೇಲೆ ಏನಾಯಿತು?

2019ರಲ್ಲಿ ಲೀಗಿಗೆ ಫಿಕ್ಸಿಂಗ್ ಎಂಬ ಗೆದ್ದಲು ಹಿಡಿಯಿತು. ಬೆಂಗಳೂರಿನ ಸಿಸಿಬಿ ಪೊಲೀಸರು ಬೇರೊಂದು ತಂಡದ ಮಾಲೀಕರನ್ನೂ ಕೆಲವು ಆಟಗಾರರನ್ನೂ ಬಂಧಿಸಿದರು. ಕೇಸು ಹೈಕೋರ್ಟಿಗೆ ಹೋಯಿತು. ಮ್ಯಾಚ್ ಫಿಕ್ಸಿಂಗ್ ಮಾಡಿದರೆ ಅದು 420 ಕಲಮಿನ ವಂಚನೆ ಆಗುವುದಿಲ್ಲ, ಬೇಕಾದರೆ ಕ್ರಿಕೆಟ್ ಮಂಡಳಿ ಶಿಸ್ತಿನ ಕ್ರಮ ತೆಗೆದುಕೊಳ್ಳಲಿ ಎಂದು 2022ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಕಾನೂನು ಕಾನೂನೇ, ಸರಿ. ಆದರೆ ಅಂಗಡಿ ಬಾಗಿಲು ಹಾಕಿ ಪಂದ್ಯ ನೋಡಿದವನಿಗೆ ಮೋಸ ಆಯಿತೋ ಇಲ್ಲವೋ ಎಂದು ಚಹಾದಂಗಡಿಯ ಕಾಕಾನನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಅಷ್ಟರಲ್ಲಿ ಕೊರೋನಾ. ಎರಡು ವರ್ಷ ಆಟವೇ ಇಲ್ಲ. 2022ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಲೀಗು ಬಂತು. ತಂಡ ಆರು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಗುಲ್ಬರ್ಗ. ಬಳ್ಳಾರಿ ಇಲ್ಲ, ಬೆಳಗಾವಿ ಇಲ್ಲ, ಬಿಜಾಪುರ ಇಲ್ಲ. ಎರಡು ಸಲ ಗೆದ್ದವರನ್ನು ಯಾಕೆ ಬಿಟ್ಟಿರಿ ಎಂದು ಕೇಳುವವರೂ ನಮ್ಮ ಜಿಲ್ಲೆಯಲ್ಲಿ ಹುಟ್ಟಲಿಲ್ಲ. ಒಂದು ಬಸ್ಸು ರದ್ದಾದರೆ ನಾವು ರಸ್ತೆಗಿಳಿಯುತ್ತೇವೆ. ಒಂದು ತಂಡವೇ ರದ್ದಾಯಿತು, ನಮಗೆ ಗೊತ್ತೇ ಆಗಲಿಲ್ಲ!

ಆ ಮೊದಲ ವರ್ಷವೇ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು. ಭೀಮಾ ಹೊಳೆ ದಾಟಿದರೆ ಅಫಜಲಪುರ, ಅಲ್ಲಿಂದ ಕಲಬುರ್ಗಿ. ಹೆಚ್ಚುಕಮ್ಮಿ ನಮ್ಮವರೇ. ಹಾಗಂತ ಚಪ್ಪಾಳೆ ತಟ್ಟಬೇಕೋ, ನೆರೆಮನೆಯ ಹಬ್ಬ ಎಂದು ಸುಮ್ಮನಿರಬೇಕೋ? ಕಿರಾಣಿ ಅಂಗಡಿಯ ತರುಣರೊಬ್ಬರು ಬೇರೆಯದೇ ದಾರಿ ಹಿಡಿದಿದ್ದಾರೆ. ವಾರಕ್ಕೊಮ್ಮೆ ಸೊಲ್ಲಾಪುರಕ್ಕೆ ಮಾಲು ತರಲು ಹೋಗುವವರು. "ನಾ ಮುಂಬೈ ಇಂಡಿಯನ್ಸ್ ಕಡೆ ಅಣ್ಣಾ. ಅವರು ಐದು ಸಲ ಗೆದ್ದಾರ, ತಲಿಬ್ಯಾನಿ ಇಲ್ಲ" ಎಂದರು. ಕಟ್ಟೆಯ ಮೇಲಿದ್ದವರು ಅವರನ್ನು ನೋಡಿದ ನೋಟ ಬರೆಯುವಂಥದ್ದಲ್ಲ.

ತಲೆಬೇನೆ ಎಂದರೆ ನೆನಪಾಗುವುದು ಆರ್‌ಸಿಬಿ. 2009ರಲ್ಲಿ ಜೋಹಾನ್ಸ್‌ಬರ್ಗ್‌ನ ಫೈನಲ್. ನಮ್ಮ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದು ಬರೀ ಆರು ರನ್ನಿನಿಂದ. ಪಿಯುಸಿ ಪುಸ್ತಕ ಬದಿಗಿಟ್ಟು ಆ ಪಂದ್ಯ ನೋಡಿದವರಲ್ಲಿ ಈ ವರದಿಗಾರನೂ ಒಬ್ಬ. ಆ ಪುಸ್ತಕ ಮತ್ತೆ ತೆಗೆದದ್ದೇ ಇಲ್ಲ, ಅದು ಬೇರೆ ಕಥೆ. ತಪ್ಪು ಕುಂಬ್ಳೆಯದಲ್ಲ. 2011ರಲ್ಲಿ ಚೆನ್ನೈನಲ್ಲಿ ಸೋಲು. 2016ರಲ್ಲಿ ಬೆಂಗಳೂರಿನ ಮೈದಾನದಲ್ಲೇ ಹೈದರಾಬಾದ್ ಎದುರು ಎಂಟು ರನ್ನಿನ ಸೋಲು. ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಎನ್ನುವುದು, ಮೇ ತಿಂಗಳಿಗೆ ಬಾಯಿ ಮುಚ್ಚಿಕೊಳ್ಳುವುದು. ಕೊನೆಗೆ ಹದಿನೆಂಟನೆಯ ಸಲ, 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಎದುರು ಗೆಲುವು ಬಂತು. ಅದೂ ಅದೇ ಆರು ರನ್ನಿನಿಂದ!

ಆ ರಾತ್ರಿ ನಮ್ಮ ಕಡೆಯ ಹಳ್ಳಿಗಳಲ್ಲೂ ಪಟಾಕಿ ಹಾರಿದವು. ಮರುದಿನ ಸಂಜೆ ಬೆಂಗಳೂರಿನಿಂದ ಬಂದ ಸುದ್ದಿ ಕೇಳಿ ಉಳಿದ ಪಟಾಕಿಯನ್ನು ಜನ ಒಳಗಿಟ್ಟರು. ಚಿನ್ನಸ್ವಾಮಿ ಮೈದಾನದ ಬಾಗಿಲಲ್ಲಿ ಕಾಲ್ತುಳಿತ. ಹನ್ನೊಂದು ಜೀವ. ಬಹುತೇಕ ಎಳೆಯರು. ಕಪ್ ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋದವರು.

ತಪ್ಪು ಯಾರದು ಎಂದು ವಿಚಾರಣೆ ಮಾಡುವವರು ಮಾಡಲಿ. ನಮಗೆ ತೋಚುವುದು ಇಷ್ಟು: ಇಡೀ ರಾಜ್ಯದ ಆಸೆಯನ್ನೆಲ್ಲ ಒಂದೇ ತಂಡದ ಮೇಲೆ ಹೇರಿ, ಒಂದೇ ಊರಿನ ಒಂದೇ ಮೈದಾನದ ಬಾಗಿಲಿಗೆ ಜನರನ್ನು ತಂದು ನಿಲ್ಲಿಸಿದ್ದೇವೆ. ಜಿಲ್ಲೆಗೊಂದು ತಂಡ, ಅದಕ್ಕೊಂದು ಮೈದಾನ, ಸಂಜೆ ಅಂಗಡಿ ಮುಚ್ಚಿ ಹೋಗಿ ನೋಡಿ ಬರುವಂಥ ಒಂದು ಪಂದ್ಯ ಇದ್ದರೆ ಆಸೆ ನಾಲ್ಕು ಕಡೆ ಹಂಚಿಹೋಗುತ್ತದೆ. ಮಹಾರಾಜ ಟ್ರೋಫಿ 2025ರವರೆಗೂ ಬೆಂಗಳೂರು, ಮೈಸೂರು ಬಿಟ್ಟು ಆಚೆ ಬರಲಿಲ್ಲ. ತಂಡ ಉಳಿಸಿಕೊಂಡ ಹುಬ್ಬಳ್ಳಿಯವರಿಗೂ ತಮ್ಮೂರಲ್ಲಿ ಅದನ್ನು ನೋಡುವ ಭಾಗ್ಯ ಸಿಗಲಿಲ್ಲ.

ನಮ್ಮ ಹುಡುಗಿ

ತಂಡ ಇಲ್ಲದಿದ್ದರೇನು, ಆಟಗಾರ್ತಿ ಇದ್ದಾರೆ. ವಿಜಯಪುರದ ರಾಜೇಶ್ವರಿ ಗಾಯಕವಾಡ. ಎಡಗೈ ಸ್ಪಿನ್. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ವಿಶ್ವಕಪ್ಪಿನಲ್ಲಿ, ನ್ಯೂಜಿಲೆಂಡ್ ಎದುರು 15 ರನ್ ಕೊಟ್ಟು ಐದು ವಿಕೆಟ್. ಎದುರಾಳಿಗಳು 79ಕ್ಕೆ ಮನೆಗೆ ಹೋದರು. ಎಂಟು ದಿನಕ್ಕೆ ಲಾರ್ಡ್ಸ್ ಮೈದಾನದಲ್ಲಿ ಫೈನಲ್. ಗೆಲ್ಲಲು ಇನ್ನು ಹತ್ತು ರನ್ ಬೇಕಿತ್ತು, ಕೈಯಲ್ಲಿದ್ದದ್ದು ಒಂದೇ ವಿಕೆಟ್. ಕೊನೆಗೆ ಬ್ಯಾಟ್ ಹಿಡಿದು ಹೋದವರು ನಮ್ಮ ರಾಜೇಶ್ವರಿ. ಮೊದಲ ಚೆಂಡಿಗೇ ಬೌಲ್ಡ್. ಭಾರತ ಒಂಬತ್ತು ರನ್ನಿನಿಂದ ಸೋತಿತು. ಬೌಲಿಂಗ್ ಮಾಡಲು ಕರೆದೊಯ್ದವಳ ಹೆಗಲ ಮೇಲೆ ಇಡೀ ದೇಶದ ಬ್ಯಾಟಿಂಗ್ ಭಾರ ಬಿದ್ದ ಗಳಿಗೆ ಅದು.

ಹೆಂಗಸರ ಲೀಗು 2023ರಲ್ಲಿ ಶುರುವಾದಾಗ ಅವರನ್ನು ಕೊಂಡದ್ದು ಉತ್ತರ ಪ್ರದೇಶದ ತಂಡ, ಯುಪಿ ವಾರಿಯರ್ಸ್. ಆರ್‌ಸಿಬಿ ಅಲ್ಲ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳು ಡೆಲ್ಲಿಯನ್ನು ಸೋಲಿಸಿ ಕಪ್ ಗೆದ್ದಾಗ ನಮ್ಮ ಹುಡುಗಿ ಬೇರೆ ತಂಡದಲ್ಲಿದ್ದರು. ಗಂಡಸರಿಗಿಂತ ಒಂದು ವರ್ಷ ಮೊದಲೇ ಹೆಂಗಸರು ಕಪ್ ತಂದದ್ದನ್ನು ಕಟ್ಟೆಯವರು ಈಗಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಬೇರೆ ಮಾತು. ಇನ್ನೊಂದು ಸಂಗತಿ: ಉತ್ತರ ಪ್ರದೇಶದವರದೂ ನಮ್ಮದೇ ಹಣೆಬರಹ ಆಗಿತ್ತು. ಮೊದಲ ಎರಡು ವರ್ಷ ಆ ತಂಡ ತನ್ನ ರಾಜ್ಯದಲ್ಲಿ ಆಡಲೇ ಇಲ್ಲ. 2025ರ ಮಾರ್ಚ್‌ನಲ್ಲಿ ಲಖನೌಗೆ ಬಂತು. ಅವರಿಗೆ ಬಂದದ್ದು ನಮಗೆ ಬಾರದೆಂದು ಯಾಕೆ ಅನ್ನಬೇಕು?

ಸಂಜೆ ನಾಲ್ಕರ ಮೇಲೆ ಬಂದು ನೋಡಿ. ಜೋಳದ ರಾಶಿ ಮುಗಿದ ಹೊಲದಲ್ಲಿ ಇಟ್ಟಂಗಿ ನಿಲ್ಲಿಸಿ ಹುಡುಗರು ಆಡುತ್ತಿರುತ್ತಾರೆ. ಚೆಂಡು ನಿಂಬೆ ತೋಟಕ್ಕೆ ಬಿದ್ದರೆ ಔಟ್ ಎಂಬುದು ಇಲ್ಲಿಯ ಕಾನೂನು, ಏಕೆಂದರೆ ಮುಳ್ಳಿನೊಳಗೆ ಹೋಗಿ ಹುಡುಕುವವರಾರು? ಚಲೋ ಆಡುವವನೊಬ್ಬನಿದ್ದಾನೆ. ಮುಂದೆ ಏನು ಮಾಡುತ್ತೀ ಎಂದು ಕೇಳಿದರೆ "ಬೆಂಗಳೂರಿಗೆ ಹೋಗಬೇಕ್ರೀ" ಎನ್ನುತ್ತಾನೆ. ಐನೂರು ಕಿಲೋಮೀಟರಿನ ಮೇಲೆ. ಬಸ್ ಚಾರ್ಜು, ಇರಲು ಕೋಣೆ, ಬ್ಯಾಟು, ಪ್ಯಾಡು. ಅವರಪ್ಪ ಲಿಂಬೆ ದರ ಬಿದ್ದ ವರ್ಷ ಮಗನಿಗೆ ಹೊಸ ಚಪ್ಪಲಿ ಕೊಡಿಸಲಿಕ್ಕೂ ಹಿಂದುಮುಂದು ನೋಡಿದವರು.

ಆರು ತಂಡ ಎಂಟಾದರೆ ಕ್ರಿಕೆಟ್ ಸಂಸ್ಥೆಯ ಗಂಟೇನೂ ಕರಗದು. ಅದಾಗುವವರೆಗೆ ವರ್ಷಕ್ಕೆ ಒಂದಾದರೂ ಪಂದ್ಯವನ್ನು ವಿಜಯಪುರಕ್ಕೆ ತರಲಿ. ದೀಪ ಇಲ್ಲವೆಂದರೆ ಹಗಲಲ್ಲೇ ಆಡಲಿ, ಬಿಸಿಲು ನಮಗೆ ಹೊಸದಲ್ಲ. ನಮ್ಮ ಶಾಸಕರು, ಸಂಸದರು ಈ ಬಗ್ಗೆ ಒಂದು ಮಾತಾದರೂ ಆಡುವರೇ?

ಇಷ್ಟೆಲ್ಲ ಬರೆದುಕೊಂಡು ಮತ್ತೆ ಅದೇ ಚಹಾದಂಗಡಿಗೆ ಹೋಗಿ ಕಾಕಾನಿಗೆ ಓದಿ ಹೇಳಿದ್ದಾಯಿತು. ಪೂರ್ತಿ ಕೇಳಿದರು. "ಇಷ್ಟುದ್ದ ಯಾಕ್ರೀ? ಮಂದಿ ಕಾಣಿ ಆದರ ಪೇಪರದಾಗ ಸಣ್ಣದೊಂದು ಹಾಕ್ತೀರಲ್ಲ, ಹಂಗ ಹಾಕ್ರಿ. ಹೆಸರು ಬಿಜಾಪುರ ಬುಲ್ಸ್, ಎರಡು ಕಪ್ ಗೆದ್ದದ್ದು, ಕಡೀಕ ಕಂಡದ್ದು 2019. ಸಿಕ್ಕವರು ಸಾಲೋಟಗಿ ಚಾದಂಗಡಿಗೆ ತಿಳಸ್ರಿ ಅಂತ" ಎಂದರು.

ಅಷ್ಟರಲ್ಲಿ ಇಂಡಿ ಬಸ್ಸು ಬಂತು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.